ಗಾಯಕ್ಕೆ ಬಳಿದ ಬೆಲ್ಲ

ಲಗ್ನ ಕಟ್ಟಿಸಲು ಅಯ್ಯನೋರ ಮನೆಗೆ ಹೋದವರು ವಾಪಸು ಬರುವಾಗ ಮುದ್ದಪ್ಪನ ಗುಡಿಸಲ ಮುಂದೆ ನಿಲ್ಲದೆ ಹೋಗುತ್ತಿರಲಿಲ್ಲ. “ಮುದ್ದ, ಇಂಥಾ ದಿನ ಚಪ್ಪರ ಕಣೋ” ಎಂದು ಬೇಲಿಯಾಚೆಯಿಂದಲೇ ಕೂಗಿದರೆ ಅರ್ಧ ಮದುವೆ ಮುಗಿದಂತೆ. ಎಪ್ಪತ್ತರ ದಶಕದ ಆ ದಿನಗಳಲ್ಲಿ, ದೇವನೂರಿನ ಸುತ್ತಿನ ಹಳ್ಳಿಗಳಲ್ಲಿ ಗಂಡಿನವರು ಮುನಿಸಿಕೊಂಡು ನಿಂತ ಮದುವೆಗಳಿದ್ದವು, ಸೋದರಮಾವ ಅಡ್ಡ ಮಲಗಿ ನಿಂತ ಮದುವೆಗಳಿದ್ದವು. ಚಪ್ಪರ ಏಳದೆ ನಿಂತ ಮದುವೆ ಮಾತ್ರ ಒಂದೂ ಇರಲಿಲ್ಲ.

ಮುದ್ದಪ್ಪ ಕುಳ್ಳ. ಹುಟ್ಟಿದಾಗಿನಿಂದ ಮರ ಹತ್ತಿ ಹತ್ತಿ ಅವನ ಎದೆಯ ಮೇಲೆ ಎರಡು ಕಡೆ ಚರ್ಮ ದಡ್ಡುಗಟ್ಟಿತ್ತು. ಕಾಲಿಗೆ ಹಗ್ಗದ ಕುಣಿಕೆ, ಸೊಂಟಕ್ಕೆ ಮಚ್ಚು, ಬಾಯಲ್ಲಿ ಎಲೆ ಅಡಿಕೆ. ತೆಂಗಿನ ಮರದಿಂದ ಕಾಯಿ ಕೆಡವುವುದು, ತಲೆ ಸವರಿ ಕಸ ಕೆಡವುವುದು, ಮದುವೆ ಕಾಲದಲ್ಲಿ ಹಸಿ ಗರಿ ಇಳಿಸಿ ಚಪ್ಪರ ಹಾಕುವುದು, ಇಷ್ಟೇ ಅವನಿಗೆ ಗೊತ್ತಿದ್ದ ಲೋಕ. ಆದರೆ ಊರಿನವರ ಲೆಕ್ಕದಲ್ಲಿ ಅವನಿಗೆ ಇನ್ನೊಂದು ಆಸ್ತಿಯೂ ಇತ್ತು. ಅದು ಕೈಗುಣ. ಮುದ್ದಪ್ಪ ಸವರಿದ ಮರ ಮುಂದಿನ ವರ್ಷ ಜೋಲಿ ಹೊಡೆಯುವಷ್ಟು ಕಾಯಿ ಬಿಡುತ್ತದೆ, ಮುದ್ದಪ್ಪ ನೆಟ್ಟ ಸಸಿ ಒಣಗುವುದಿಲ್ಲ ಎಂದು ಜನ ನಂಬಿದ್ದರು. ಹೊಸದಾಗಿ ಈದ ಎಮ್ಮೆ ಕೊಸರಾಡಿದರೂ, “ಮುದ್ದನ್ನ ಕರೀರೋ, ಒಂದ್ಸಲ ಕೆಚ್ಚಲು ಮುಟ್ಲಿ” ಎನ್ನುವ ತನಕ ಈ ನಂಬಿಕೆ ಹೋಗಿತ್ತು. ಎಮ್ಮೆಯ ಕೈಲಿ ಅವನು ಒದೆ ತಿಂದದ್ದೂ ಉಂಟು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಕೈಗುಣದ ಹಿಂದೆ ಒಂದು ಗುಟ್ಟಿದೆ ಎಂದು ಮುದ್ದಪ್ಪ ತಿಳಿದಿದ್ದ. ಅದನ್ನು ಅವನಿಗೆ ಹೇಳಿಕೊಟ್ಟವನು ಅವನ ಅಪ್ಪ. “ಒಣ ಗರಿ ತಾನಾಗೇ ಬಿಡೋ ಹಲ್ಲಿದ್ದಂಗೆ, ಅದಕ್ಕೇನೂ ಬೇಡ. ಹಸಿ ಗರಿ ಕಡಿದ್ರೆ ತಾಯಿಗೆ ಗಾಯ ಮಾಡ್ದಂಗೆ ಕಣ್ಲಾ. ಯಾರದೋ ಮದ್ವೆ ಸಂತೋಷಕ್ಕೆ ಅವಳಿಗೆ ಗಾಯ. ಅವಳ ಬಾಯಿಗೂ ಒಸಿ ಸಿಹಿ ಹಾಕಿ ಇಳೀಬೇಕು” ಎನ್ನುತ್ತಿದ್ದ ಅಪ್ಪ. ಅದಕ್ಕೇ ಮದುವೆಯ ಗರಿ ಕಡಿಯಲು ಹತ್ತುವಾಗ ಮುದ್ದಪ್ಪನ ಸೊಂಟದಲ್ಲಿ ಮಚ್ಚಿನ ಜೊತೆಗೆ ಒಂದು ತೆಂಗಿನ ಕರಟ ಇರುತ್ತಿತ್ತು. ಅದರಲ್ಲಿ ಕಳಿತ ಬಾಳೆಹಣ್ಣಿನ ಜೊತೆ ಕಿವುಚಿದ ಬೆಲ್ಲ. ಗರಿ ಕಡಿದ ಮೇಲೆ ಎರಡು ಬೆರಳಲ್ಲಿ ಅದನ್ನು ತೆಗೆದು ಹಸಿ ಗಾಯದ ಮೇಲೆ ಬಳಿದು, “ತಪ್ಪಾಯ್ತು ತಾಯಿ, ನುಂಗ್ಕೋ” ಎಂದು ಹೇಳಿ ಇಳಿಯುತ್ತಿದ್ದ. ಮರದ ಮೇಲೆ ನಡೆಯುವುದು ಕೆಳಗಿನವರಿಗೆ ಕಾಣುವುದಿಲ್ಲ. ಕೈಗುಣ ಎಂಬುದು ಬಾಯಿಬಿಟ್ಟರೆ ಹೋಗುತ್ತದೆ ಎಂದು ಅಪ್ಪ ಹೇಳಿದ್ದರಿಂದ ಹೆಂಡತಿ ಕಲ್ಲಮ್ಮನಿಗೂ ಅವನು ಹೇಳಿರಲಿಲ್ಲ. ಕರಟದಲ್ಲಿ ಇರುವುದು ಇರುವೆಗೆ ಹಾಕುವ ಔಷಧಿ ಎಂದು ಅವಳು ತಿಳಿದಿದ್ದಳು.

ಅಪ್ಪನ ಕಾಲದಲ್ಲಿ ಮರಗಳು ಹಳೆಯವು, ಎತ್ತರದವು, ಕೆರೆ ಹಿಂದೆ ಅಲ್ಲೊಂದು ಇಲ್ಲೊಂದು. ಮದುವೆಗೆ ನಾಲ್ಕು ಗರಿ ಸಾಕಾಗುತ್ತಿತ್ತು. ಮುದ್ದಪ್ಪನ ಕಾಲಕ್ಕೆ ಪಂಪ್‌ಸೆಟ್ಟು ಬಂದು ಹೊಲ ಹೊಲವೂ ತೆಂಗಿನ ತೋಟವಾಯಿತು, ಎಳೆಯ ಮರಗಳು ಒತ್ತೊತ್ತಾಗಿ ನಿಂತವು. ಜೊತೆಗೆ ಜನರಿಗೆ ಸೊಕ್ಕೂ ಬಂತು. ಪಕ್ಕದ ಮನೆಯವರ ಚಪ್ಪರ ಬೀದಿಯ ಅರ್ಧಕ್ಕೆ ಬಂದರೆ ನಮ್ಮದು ಬಾವಿಯ ತನಕ ಹೋಗಬೇಕು ಎಂಬ ಜಿದ್ದು. ಮುದ್ದಪ್ಪನೂ ಬೇಡ ಎನ್ನುವವನಲ್ಲ. ಗರಿಯ ದಂಟಿನ ಮಟ್ಟೆಯನ್ನು ಬುಡಕ್ಕೆ ಹತ್ತಿಸಿ ಕಡಿದು, ಮರದ ಕತ್ತನ್ನು ಹಜಾಮತಿ ಮಾಡಿದ ಹಾಗೆ ನುಣ್ಣಗೆ ಬಿಟ್ಟು ಇಳಿಯುವುದರಲ್ಲಿ ಅವನಿಗೆ ಹೆಮ್ಮೆಯಿತ್ತು.

ಆ ಊರಿನಲ್ಲಿ ಮುದ್ದಪ್ಪ ನಿಜವಾಗಿ ತಲೆಬಾಗುತ್ತಿದ್ದುದು ಒಬ್ಬರಿಗೆ ಮಾತ್ರ, ಕಾಶಮ್ಮನಿಗೆ. ಅವನ ತಾಯಿ ಸತ್ತಾಗ ಅವನಿನ್ನೂ ಅಂಬೆಗಾಲಿನ ಕೂಸು. ಅಪ್ಪ ಮರದ ಮೇಲಿದ್ದರೆ ಕೂಸು ಮರದ ಬುಡದಲ್ಲಿ ಅಳುತ್ತಿರುತ್ತಿತ್ತು. ಆಗತಾನೆ ಮದುವೆಯಾಗಿ ಆ ಮನೆಗೆ ಬಂದಿದ್ದ ಕಾಶಮ್ಮ ಅದನ್ನು ಎತ್ತಿಕೊಂಡು ಹೋಗಿ ಹಿತ್ತಲ ಜಗಲಿಯ ಮೇಲೆ ಕೂರಿಸಿ ಮುದ್ದೆ ನುರಿದು ತಿನ್ನಿಸಿದ್ದಳು. ಅಂದಿನಿಂದ ಆ ಜಗಲಿಯ ಮೇಲೆ ಅವನದೊಂದು ತಟ್ಟೆ ಇತ್ತು. ಕಾಶಮ್ಮನ ಗಂಡ ಬೇಗ ಹೋಗಿಬಿಟ್ಟ. ಉಳಿದದ್ದು ಮಗಳು ಮಲ್ಲಿಕಾಂಬ, ಮತ್ತು ಬಾವಿಯ ಸುತ್ತ ಒಂದು ತೆಂಗಿನ ತೋಟ. ಆ ತೋಟದ ಸಸಿಗಳನ್ನೆಲ್ಲ ಗುಂಡಿಗೆ ಇಟ್ಟದ್ದು ಮುದ್ದಪ್ಪನೇ. “ನಿನ್ನ ಕೈಲೇ ಆಗ್ಲಿ ಮುದ್ದ” ಎಂದಿದ್ದಳು ಕಾಶಮ್ಮ. ಮರ ಫಸಲಿಗೆ ಬಂದ ಮೇಲೆ ಆ ಮನೆಯ ಒಲೆ ಉರಿದದ್ದು, ಮಗಳು ಕಡೂರಿನ ಹೈಸ್ಕೂಲಿಗೆ ಹೋದದ್ದು, ಮೈದುನ ಪಂಚಾಕ್ಷರಪ್ಪನ ಮುಂದೆ ಕಾಶಮ್ಮ ಕೈಚಾಚದೆ ಬದುಕಿದ್ದು, ಎಲ್ಲಾ ಆ ತೋಟದಿಂದ.

ಮಲ್ಲಿಕಾಂಬಳ ಮದುವೆ ಅಮೃತಾಪುರದ ಕಡೆಯ ಗಂಡಿನ ಜೊತೆ ನಿಶ್ಚಯವಾಯಿತು. ಪಂಚಾಕ್ಷರಪ್ಪ ಮೀಸೆ ತಿರುವಿದ. “ತಂದೆ ಇಲ್ಲದ ಹುಡುಗಿ ಅಂತ ಯಾರೂ ಆಡ್ಕೋಬಾರ್ದು ಕಣೋ. ಆ ತುದಿಯಿಂದ ಈ ತುದಿಗೆ ಹಸಿರು ಚಪ್ಪರ. ಮದುವಣಗಿತ್ತಿ ಮನೆ ಮರದ್ದೇ ಗರಿ.” ಅದು ಅಲ್ಲಿಯ ಪದ್ಧತಿ, ಹೆಣ್ಣಿನ ಚಪ್ಪರಕ್ಕೆ ಹೆಣ್ಣಿನ ಮನೆಯ ಮರ. ಮುದ್ದಪ್ಪ ಸಂತೋಷದಿಂದ ತೋಟದ ಮರವೆಲ್ಲ ಹತ್ತಿ ಇಳಿದ. ಯಾವ ಮರದ ಗಾಯವನ್ನೂ ಸಿಹಿ ಬಳಿಯದೆ ಬಿಡಲಿಲ್ಲ. ತನ್ನ ತಂಗಿಯ ಮದುವೆಯೇನೋ ಎನ್ನುವ ಹಾಗೆ, ಹಿಡಿ ತುಂಬ ಬಳಿದ.

ಬಿಟ್ಟದ್ದು ಒಂದೇ ಮರ. ಬಾವಿಯ ಹಿಂದಿನ ಮೂಲೆಯಲ್ಲಿದ್ದ ಅದಕ್ಕೆ ಕೆಂಜಿಗ ಹತ್ತಿತ್ತು. ಕಾಲಿಟ್ಟರೆ ಸಾಕು, ಕೆಂಪಿರುವೆಗಳು ತೊಡೆಯ ತನಕ ಏರಿ ಕಚ್ಚುತ್ತಿದ್ದವು. ವರ್ಷಗಟ್ಟಲೆ ಯಾರೂ ಸವರದೆ ಒಣ ಗರಿಗಳು ಅದರ ಸುತ್ತ ಜೋತು ಬಿದ್ದಿದ್ದವು. ಅದಕ್ಕೆ ಊರವರು ಇಟ್ಟ ಹೆಸರು ಗಡ್ಡದ ಮರ. ಆ ಗಡ್ಡದೊಳಗೆ ಒಂದು ಜೊತೆ ಕೆಂಬೂತ ಗೂಡು ಕಟ್ಟಿತ್ತು. “ದರಿದ್ರದ್ದು, ಕಡಿದು ಒಲೆಗೆ ಹಾಕಿ ಅಮ್ಮಾರೆ” ಎಂದು ಮುದ್ದಪ್ಪ ಪ್ರತಿ ವರ್ಷ ಹೇಳುತ್ತಿದ್ದ.

ಮದುವೆ ಚೆನ್ನಾಗಿ ಆಯಿತು. ಅಮೃತಾಪುರದವರು ಚಪ್ಪರ ನೋಡಿ ಬಾಯಿ ಮೇಲೆ ಕೈಯಿಟ್ಟರು.

ಮರುವರ್ಷ ಮಳೆ ಹಿಡಿಯುವ ಹೊತ್ತಿಗೆ ಬಾವಿಯ ಪಕ್ಕದ ಮರವೊಂದರ ಸುಳಿ ವಾಲಿತು. ನೀರು ಕಡಿಮೆಯಾಗಿರಬೇಕು ಎಂದರು. ನೀರು ಬಿಟ್ಟರು. ಗರಿಗಳು ಹಳದಿಗೆ ತಿರುಗಿದವು. ಮುದ್ದಪ್ಪ ಕಾಂಡಕ್ಕೆ ಕಿವಿಯಿಟ್ಟು ಕೇಳಿದ. ಒಳಗೆ ಯಾರೋ ಕೂತು ಹುರಿಗಡಲೆ ಅಗಿಯುವ ಹಾಗೆ ಕರಕರ ಸದ್ದು. ಹುಟ್ಟಿದಾಗಿನಿಂದ ತೆಂಗಿನ ಮರವನ್ನು ಅಪ್ಪಿಕೊಂಡೇ ಬದುಕಿದವನಿಗೆ ಅಂಥ ಸದ್ದು ಅದೇ ಮೊದಲು. ಹಬ್ಬ ಮುಗಿಯುವುದರೊಳಗೆ ಆ ಮರದ ತಲೆ ಮುರಿದು ಬಿತ್ತು. ಒಳಗೆಲ್ಲಾ ಕೊಳೆತು ಹುಳಿ ನಾರುವ ರಾಡಿ. ಅದರಲ್ಲಿ ಹೆಬ್ಬೆರಳ ಗಾತ್ರದ ಬಿಳಿ ಹುಳುಗಳು ಹೊರಳಾಡುತ್ತಿದ್ದವು.

ಆಮೇಲೆ ಇನ್ನೊಂದು. ಆಮೇಲೆ ಅತ್ತ ಕಡೆ ಬೀರಯ್ಯನ ತೋಟದಲ್ಲಿ, ಇತ್ತ ಪಟೇಲರ ತೋಟದಲ್ಲಿ. ಹಿಂದಿನ ವರ್ಷ ಎಲ್ಲೆಲ್ಲಿ ಮದುವೆಯಾಗಿತ್ತೋ ಅಲ್ಲೆಲ್ಲಾ. ಊರವರೇನು ದಡ್ಡರೇ? ಎರಡು ವರ್ಷದಲ್ಲಿ ಅವರಿಗೆ ಲೆಕ್ಕ ಸಿಕ್ಕಿತು. ಸತ್ತ ಮರಗಳಲ್ಲೆಲ್ಲ ಸಮನಾಗಿ ಇದ್ದದ್ದು ಒಂದೇ: ಅವನ್ನು ಹತ್ತಿದವನು ಮುದ್ದಪ್ಪ. ಅವನ ಕೈಗುಣ ತಿರುಗಿದೆ ಎಂದರು. ಸೂತಕದಲ್ಲಿ ಮರ ಹತ್ತಿದ್ದಾನೆ ಎಂದು ಒಬ್ಬರು, ಬಸುರಿ ಹಾವನ್ನು ಹೊಡೆದಿದ್ದಾನೆ ಎಂದು ಇನ್ನೊಬ್ಬರು. ಊರ ಬಾಯಿಗೆ ಬಾಗಿಲು ಹಾಕಿದವರುಂಟೆ? ಹೊಗಳುವಾಗ ಅವನ ಕೈಗೆ ಎಮ್ಮೆಯನ್ನೂ ಒಪ್ಪಿಸಿದ್ದ ಜನ ಈಗ ಅವನು ಬೇಲಿಯ ಪಕ್ಕ ನಿಂತರೂ, “ಅತ್ಲಾಗೆ ಹೋಗಪ್ಪ” ಎನ್ನತೊಡಗಿದರು. ಕಲ್ಲಮ್ಮ ನೀರಿಗೆ ಹೋದರೆ ಬಾವಿಕಟ್ಟೆಯ ಮೇಲೆ ಮಾತು ನಿಲ್ಲುತ್ತಿತ್ತು.

ಮಾತು ನಿಲ್ಲಿಸದವಳು ಕಾಶಮ್ಮ ಒಬ್ಬಳು. ತನ್ನ ಮರಗಳೇ ಮೊದಲು ಸತ್ತಿದ್ದರೂ ಅವಳು ಬೀದಿಯಲ್ಲಿ ನಿಂತು ಜನಕ್ಕೆ ಕೇಳಿಸುವ ಹಾಗೆ ಅವನನ್ನು ಕರೆದಳು.

“ಲೇ ಮುದ್ದ, ನಾಳೆಯಿಂದ ನನ್ನ ತೋಟ ಪೂರ್ತಿ ಸವರಿಕೊಡು. ಒಂದು ಕಸ ಇರ್ಬಾರ್ದು. ನೀನು ನೆಟ್ಟ ಮರ, ನಿನ್ನ ಕೈಲೇ ಉಳೀಲಿ. ಬೊಗಳೋರು ಬೊಗಳ್ಲಿ.”

ಮುದ್ದಪ್ಪ ಅಂದು ಮನೆಗೆ ಹೋಗಿ ಅತ್ತ. ಮರುದಿನ ಕರಟದ ಬದಲು ಒಂದು ಮಡಕೆ ತುಂಬ ಬೆಲ್ಲ, ಬಾಳೆಹಣ್ಣು ಕಿವುಚಿ ಸೊಂಟಕ್ಕೆ ಕಟ್ಟಿಕೊಂಡ. ತಾಯಿ ಮುನಿದಿದ್ದಾಳೆ, ಮಲ್ಲಿಕಾಂಬಳ ಮದುವೆಯಲ್ಲಿ ಬಾಯಿಗೆ ಸಿಹಿ ಸಾಲದೆ ಹೋಗಿರಬೇಕು ಎಂದು ಅವನ ಎಣಿಕೆ. ಒಂದೊಂದು ಮರವನ್ನೂ ಹತ್ತಿ, ಸುಳಿಯ ಸಂದಿನಲ್ಲಿದ್ದ ಕಸವನ್ನೆಲ್ಲ ಕೆರೆದು ಕೆಡವಿದ. ಆ ಕಸದಲ್ಲಿ ಬಾಲಕ್ಕೆ ಇಕ್ಕಳದಂಥ ಕೊಂಡಿಯಿರುವ ಕರಿಯ ಹುಳುಗಳು ಬುಳುಬುಳು ಹರಿದಾಡುತ್ತಿದ್ದವು. ಇವೇ ಮರ ತಿನ್ನುವ ಶನಿಗಳು ಎಂದು ಸಿಕ್ಕಷ್ಟನ್ನೂ ಹೊಸಕಿದ. ಅರ್ಧ ಹಸಿರಾಗಿದ್ದ ಗರಿಗಳನ್ನೂ ಬುಡಕ್ಕೆ ಹತ್ತಿಸಿ ಕಡಿದು ಮರವನ್ನು ಚೊಕ್ಕಟ ಮಾಡಿದ. ಒಂದೊಂದು ಗಾಯಕ್ಕೂ ಹಿಡಿಹಿಡಿ ಸಿಹಿ ಮೆತ್ತಿದ. “ನಂಗಲ್ಲ ತಾಯಿ, ಅಮ್ಮಾರಿಗೋಸ್ಕರ ಉಳ್ಕೋ” ಎಂದು ಬೇಡಿಕೊಂಡ.

ಅವನು ಅಷ್ಟು ಪ್ರೀತಿಯಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ತೋಟ ಬೋಳು ಕಂಬಗಳ ಸಾಲಾಗಿತ್ತು. ಗಡ್ಡದ ಮರವೊಂದು ಮೂಲೆಯಲ್ಲಿ ಕೊಳಕಾಗಿ, ಹಸಿರಾಗಿ ನಿಂತಿತ್ತು.

ಎಂಬತ್ತೊಂದನೆಯ ಇಸವಿಯಲ್ಲಿ ತೋಟಗಾರಿಕೆಯ ಸಾಹೇಬರೊಬ್ಬರು ಕಡೂರಿನಿಂದ ಮೋಟಾರ್ ಬೈಕಿನಲ್ಲಿ ಬಂದರು. ವಯಸ್ಸು ಚಿಕ್ಕದು, ಮಾತು ಮೆದು. ಸತ್ತ ಮರ ಸೀಳಿಸಿ ನೋಡಿ, ಕಾಯಿಲೆಯಲ್ಲ, ಮೂತಿ ಹುಳ, ಒಳಗಿನ ಬಿಳಿ ಹುಳು ಅದರ ಮರಿ ಎಂದರು. ಊರವರು ಸುತ್ತ ನಿಂತು ಕೇಳಿದರು. ಮುದ್ದಪ್ಪನೂ ದೂರದಲ್ಲಿ ನಿಂತಿದ್ದ. ಮರ ಸೀಳಲು ಮಚ್ಚು ಕೊಡಲಿ ಹಿಡಿಯುವವನು ಬೇಕಲ್ಲ ಎಂದು ಸಾಹೇಬರು ಅವನನ್ನೇ ಕರೆದರು. ಅವರಿಗೆ ಊರ ಮಾತು ಗೊತ್ತಿರಲಿಲ್ಲ.

“ಹಸಿ ಕಾಂಡದ ತುಂಡೊಂದನ್ನ ಉದ್ದಕ್ಕೆ ಎರಡು ಹೋಳು ಮಾಡಪ್ಪ. ಹಾಂ, ಹಾಗೇ. ಈಗ ಯಾರಾದ್ರೂ ಒಂದಿಷ್ಟು ಬೆಲ್ಲ, ಕಳಿತ ಬಾಳೆಹಣ್ಣು ತನ್ನಿ.”

ಕಾಶಮ್ಮನ ಮನೆಯಿಂದಲೇ ಬೆಲ್ಲ ಬಂತು, ಹಣ್ಣು ಬಂತು.

“ಎರಡನ್ನೂ ಚೆನ್ನಾಗಿ ಕಿವುಚಿ, ಸೀಳಿದ ಕಡೆ ಬಳಿ.”

ಮುದ್ದಪ್ಪನ ಕೈ ಬೆಲ್ಲದ ಉಂಡೆಯ ಮೇಲೆ ನಿಂತುಬಿಟ್ಟಿತು. “ಯಾಕ್ ಸ್ವಾಮಿ?” ಎಂದ.

“ಮರಕ್ಕೆ ಗಾಯ ಆದ್ರೆ ಒಂದು ವಾಸನೆ ಏಳುತ್ತೆ. ನಮಗೆ ಗೊತ್ತಾಗಲ್ಲ, ಹುಳಕ್ಕೆ ಎಷ್ಟೋ ದೂರದಿಂದ ಗೊತ್ತಾಗುತ್ತೆ. ಆ ಹಸಿ ಗಾಯದಲ್ಲೇ ಅದು ಮೊಟ್ಟೆ ಇಡೋದು, ಎಳೇ ಮರ ಒತ್ತಾಗಿದ್ರೆ ಇನ್ನೂ ಸಲೀಸು. ಬೆಲ್ಲ ಹಣ್ಣು ಸೇರಿ ಹುಳಿ ಬಂದ್ರಂತೂ ಇನ್ನೂ ಜೋರಾಗಿ ಕರೆಯುತ್ತೆ. ಒಂದು ಹುಳ ಬಂದು ಕೂತ್ರೆ ಅದೂ ತನ್ನ ವಾಸನೆ ಬಿಟ್ಟು ಬಳಗ ಎಲ್ಲಾ ಕರ್ಕೊಳುತ್ತೆ ಅಂತಾರೆ. ನಾವು ಹೀಗೆ ಕರೆದು, ಹಿಡಿದು, ಕೊಲ್ಲೋದು.”

ಮುದ್ದಪ್ಪ ಕಿವುಚಿದ. ಬಳಿದ. ಈ ಕೆಲಸವನ್ನು ಅವನ ಬೆರಳುಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ಹೋಳನ್ನೂ ಮುಚ್ಚಿ ತೋಟದ ಅಂಚಿನಲ್ಲಿಟ್ಟರು.

ಎರಡು ದಿನ ಬಿಟ್ಟು ಸಾಹೇಬರು ಬಂದು ಹೋಳು ತೆರೆಸಿದರು. ಒಳಗೆ ಕೆಂಪು ಹುಳುಗಳು, ಉದ್ದ ಮೂತಿಯವು, ಒಂದರ ಮೇಲೊಂದು ಹತ್ತಿ ಸಿಹಿಯಲ್ಲಿ ಮುಖವಿಟ್ಟು ಕೂತಿದ್ದವು. ಜನ ಹೋ ಎಂದರು. ಸಾಹೇಬರಿಗೂ ಹಿಗ್ಗಾಯಿತು, ಹುಳುಗಳನ್ನು ಸೀಮೆಎಣ್ಣೆಗೆ ಹಾಕಿಸುತ್ತಾ ಇನ್ನೂ ಹೇಳಿದರು. ಹಸಿ ಗರಿ ಕಡಿಯಲೇಬೇಡಿ, ಕಡಿದರೆ ಎರಡು ಮೊಳಕ್ಕೂ ಉದ್ದ ಮಟ್ಟೆ ಬಿಡಿ, ಗಾಯ ಸುಳಿಗೆ ದೂರ ಇರಲಿ. ಕಸದಲ್ಲಿರುವ ಇಕ್ಕಳದ ಹುಳು ಇದರ ಮೊಟ್ಟೆ ತಿನ್ನುತ್ತದೆ, ಕೆಂಬೂತ ಹುಳುವನ್ನೇ ಹಿಡಿಯುತ್ತದೆ, ಅವನ್ನು ಓಡಿಸಬೇಡಿ. ಆಮೇಲೆ ಗಡ್ಡದ ಮರದ ಕಡೆ ಕೈ ತೋರಿಸಿ, “ಅದನ್ನ ಯಾರೂ ಮುಟ್ಟಿಲ್ಲ ಅಲ್ವಾ? ಅದಕ್ಕೇ ಉಳಿದಿದೆ” ಎಂದರು.

ಮುದ್ದಪ್ಪ ಬಾವಿಯ ಹತ್ತಿರ ಹೋಗಿ ಕೈ ತೊಳೆದ. ಮಣ್ಣು ಹಾಕಿ ಉಜ್ಜಿದ, ಮತ್ತೆ ತೊಳೆದ. ಕಣ್ಣೀರು ಬರಲಿಲ್ಲ. ಕೈಗುಣ ತಿರುಗಿದೆ ಎಂದು ಊರು ಹೇಳಿದಾಗ ಅವನಿಗೆ ಸಿಟ್ಟು ಬಂದಿತ್ತು, ಸಿಟ್ಟಿನಲ್ಲಿ ಒಂದು ಬಲವಿತ್ತು. ಈಗ ಅದೂ ಹೋಯಿತು. ಊರು ಹೇಳಿದ್ದು ದಿಟ. ಸಾಯಿಸಿದ್ದು ಅವನೇ. ಮರದ ತಲೆಯ ಮೇಲೆ ಕೂತು, ಬನ್ನಿ ಬನ್ನಿ ಎಂದು ತನ್ನ ಕೈಯಾರೆ ಹುಳುವಿಗೆ ಎಡೆ ಇಟ್ಟು ಕರೆದಿದ್ದ.

ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಕಾಶಮ್ಮನ ಹಿತ್ತಲ ಜಗಲಿಯ ಮುಂದೆ ಹೋಗಿ ನಿಂತ. ಅವಳು ತಟ್ಟೆ ತರಲು ಎದ್ದಳು.

“ಬ್ಯಾಡಿ ಅಮ್ಮಾರೆ. ಕೂತ್ಕಳಿ. ಒಂದು ಮಾತೈತೆ.”

ಅವನು ಎಲ್ಲಾ ಹೇಳಿದ. ಅಪ್ಪ ಹೇಳಿಕೊಟ್ಟದ್ದು, ಕರಟ, ಮಲ್ಲಿಕಾಂಬಳ ಮದುವೆ, ಆಮೇಲಿನ ಮಡಕೆ. ಕಾಶಮ್ಮ ಕಂಬಕ್ಕೆ ಒರಗಿ ಕೇಳಿದಳು. ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

“ನನ್ನ ಮಗಳ ಚಪ್ಪರದಿಂದ್ಲೇ ಶುರುವಾಯ್ತಾ?” ಎಂದು ಕೇಳಿದಳು.

“ಹೂಂ, ಅಮ್ಮಾರೆ.”

“ಅವಳಿಗೆ ಇದು ಗೊತ್ತಾಗ್ಬಾರ್ದು. ಗೊತ್ತಾದ್ರೆ ತನ್ನ ಮದ್ವೆನೇ ತಾಯಿ ಅನ್ನ ಕಿತ್ಕೊಳ್ತು ಅಂತ ಕೊರಗ್ತಾಳೆ. ಊರಿಗೂ ಗೊತ್ತಾಗ್ಬಾರ್ದು. ಗೊತ್ತಾದ್ರೆ ನಿನ್ನ ಕೈ ಮುರೀತಾರೆ. ನಿಂಗೆ ಗೊತ್ತಿರ್ಲಿಲ್ಲ, ಸರಿ. ನಂಗೂ ಬುದ್ಧಿ ಹೇಳುತ್ತೆ ಕಣೋ, ಗೊತ್ತಿರ್ಲಿಲ್ಲ ಅಂತ. ಆದ್ರೆ ಹೊಟ್ಟೆ ಕೇಳಲ್ಲ. ಇನ್ಮೇಲೆ ನನ್ನ ತೋಟದ ಬೇಲಿ ದಾಟ್ಬೇಡ. ಈ ಜಗಲಿಗೂ ಬರ್ಬೇಡ. ಆ ಗಡ್ಡದ ಮರ ಒಂದುಳಿದೈತೆ. ನಾನು ಸತ್ರೂ ಅದಕ್ಕೆ ಮಚ್ಚು ಬೀಳ್ಬಾರ್ದು. ಬೀಳಕ್ಕೆ ಬಿಡಲ್ಲ ಅಂತ ಮಾತು ಕೊಡು.”

ಮುದ್ದಪ್ಪ ನೆಲ ಮುಟ್ಟಿ ಮಾತು ಕೊಟ್ಟ. ಅವಳು ಒಳಗೆ ಹೋದಳು. ತಟ್ಟೆ ಜಗಲಿಯ ಮೇಲೇ ಇತ್ತು. ಅದನ್ನು ತೆಗೆದುಕೊಂಡು ಹೋಗಬೇಕೋ ಬಿಡಬೇಕೋ ತಿಳಿಯದೆ ಅವನು ಸ್ವಲ್ಪ ಹೊತ್ತು ನಿಂತಿದ್ದು, ಬಿಟ್ಟು ಹೋದ.

ಅಂದಿನಿಂದ ಮುದ್ದಪ್ಪ ಮರ ಹತ್ತಲಿಲ್ಲ. ಅಜ್ಜಂಪುರದ ಕಡೆ ಈರುಳ್ಳಿ ಕೀಳಲು ಹೋದ, ಮಣ್ಣು ಹೊತ್ತ, ಬೇರೆಯವರ ಕುರಿ ಕಾದ. ಮದುವೆಯ ಮನೆಗಳಿಗೆ ಮಾತ್ರ ಕರೆಯದೆ ಹೋಗಿ, “ಹಸಿ ಗರಿ ಕಡೀಬ್ಯಾಡ್ರಪ್ಪಾ, ಸಾಹೇಬ್ರು ಹೇಳವ್ರೆ” ಎಂದು ಅಂಗಲಾಚುತ್ತಿದ್ದ. ಜನ ನಕ್ಕರು. ತನ್ನ ಕೈಗುಣ ಕೆಟ್ಟಿದ್ದಕ್ಕೆ ಊರಿಗೇ ಚಪ್ಪರ ಬೇಡ ಅಂತಾನೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು. ಸಾಹೇಬರ ಮಾತು ಸಾಹೇಬರ ಬೈಕಿನ ಹಿಂದೆಯೇ ಹೋಗಿತ್ತು. ಬೇರೆ ಊರಿನ ಮರ ಹತ್ತುವವರು ಬಂದರು, ಚಪ್ಪರಗಳು ಬಾವಿಯ ತನಕ ಹೋದವು, ಮರಗಳು ಸಾಯುತ್ತಲೇ ಇದ್ದವು. ಆದರೂ ಪ್ರತಿ ಮರದ ಲೆಕ್ಕವೂ ಮುದ್ದಪ್ಪನ ತಲೆಗೇ ಬರೆಯಲ್ಪಟ್ಟಿತು. ಹಳೆಯ ಹೆಸರು ಒಳ್ಳೆಯದಾದರೆ ಬೇಗ ಅಳಿಯುತ್ತದೆ, ಕೆಟ್ಟದ್ದು ಹಾಗಲ್ಲ.

ಕಾಶಮ್ಮ ಅವನನ್ನು ಮತ್ತೆ ಕರೆಯಲಿಲ್ಲ. ಮೈದುನ ಕೊಟ್ಟ ರಾಗಿ ಉಂಡು, ಗಡ್ಡದ ಮರದಿಂದ ತಾನಾಗಿ ಬಿದ್ದ ಕಾಯಿ ಆಯ್ದುಕೊಂಡು ಬದುಕಿದಳು. ಯಾರ ಮುಂದೆಯೂ ಅವಳು ಅವನ ಗುಟ್ಟು ಆಡಲಿಲ್ಲ. ಬೀದಿಯಲ್ಲಿ ಎದುರು ಸಿಕ್ಕರೆ ಇಬ್ಬರೂ ನೆಲ ನೋಡಿಕೊಂಡು ಹೋಗುತ್ತಿದ್ದರು. ಅವಳು ಇಳಿದುಹೋಗಿದ್ದು ಅವನಿಗೆ ಕಾಣುತ್ತಿತ್ತು.

ಎಂಬತ್ತನಾಲ್ಕರ ಮಾಗಿಯಲ್ಲಿ ಕಾಶಮ್ಮ ತೀರಿಕೊಂಡಳು. ಅಮೃತಾಪುರದಿಂದ ಮಲ್ಲಿಕಾಂಬ ಬಂದು ಹೆಣದ ಮುಂದೆ ಬಿದ್ದು ಹೊರಳಾಡಿದಳು. ಹೆಣ ಕೂರಿಸುವ ವಿಮಾನಕ್ಕೆ ಬಿದಿರು ಬಂತು, ಬಾಳೆಕಂಬ ಬಂತು, ಹೂವು ಬಂತು. ಪಂಚಾಕ್ಷರಪ್ಪ ಗಂಟಲು ಸರಿಮಾಡಿಕೊಂಡು, ಬಾಗಿಲ ಚಪ್ಪರಕ್ಕೂ ವಿಮಾನಕ್ಕೂ ಹಸಿ ಗರಿ ಆಗಬೇಕು, ಅದು ಅತ್ತಿಗೆಯ ಮನೆಯ ಮರದ್ದೇ ಆಗಬೇಕು ಎಂದ. ಬದುಕಿದ್ದಾಗ ಅತ್ತಿಗೆಗೆ ಒಂದು ಹೊಸ ಸೀರೆ ತರದವನು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮರ ಹತ್ತುವ ಆಳು ಮೈಗೆಲ್ಲ ಬೂದಿ ಬಳಿದುಕೊಂಡು, ಮಚ್ಚು ಸಿಕ್ಕಿಸಿಕೊಂಡು ಗಡ್ಡದ ಮರದ ಕಡೆ ಹೊರಟ. ಅದನ್ನು ಕಂಡ ಮುದ್ದಪ್ಪ ಓಡಿದ. ಮೂರು ವರ್ಷ ದಾಟದ ಬೇಲಿಯನ್ನು ಅಂದು ದಾಟಿದ. ಹೋಗಿ ಮರವನ್ನು ಎರಡು ಕೈಯಲ್ಲೂ ತಬ್ಬಿಕೊಂಡು ನಿಂತ.

“ಇದನ್ನ ಮುಟ್ಟಬ್ಯಾಡಿ. ಬೇರೆ ಎಲ್ಲಿಂದಾದ್ರೂ ತತ್ತೀನಿ. ಹತ್ತು ಊರು ಸುತ್ತಿ ತತ್ತೀನಿ. ಇದು ಬ್ಯಾಡ.”

“ಏನಪ್ಪಾ, ತಲೆ ಕೆಟ್ಟೈತಾ? ಸರೀಲೇ ಅತ್ಲಾಗೆ!”

ಅವನು ಸರಿಯಲಿಲ್ಲ. ಕೆಂಜಿಗ ಮರದಿಂದಿಳಿದು ಅವನ ಕೈಗೆ, ಕತ್ತಿಗೆ, ರೆಪ್ಪೆಗೆ ಹತ್ತಿದವು. ಅವನು ಕೊಡವಿಕೊಳ್ಳಲಿಲ್ಲ. ಎಳೆದರು. ಪಂಚಾಕ್ಷರಪ್ಪ ಬಿದಿರ ಗಳದಲ್ಲೇ ಬೆನ್ನಿಗೆ ಹೊಡೆದ. “ಉಂಡ ಮನೆ ಗಳ ಹಿರಿಯೋ ನನ್ಮಗನೆ! ಅವಳ ತೋಟ ತಿಂದ್ಯಲ್ಲೋ, ಒಂದು ಗರೀಗೂ ಅಡ್ಡ ಬತ್ತೀಯೇನೋ!” ಗದ್ದಲ ಕೇಳಿ ಮಲ್ಲಿಕಾಂಬ ಕೂದಲು ಕೆದರಿಕೊಂಡು ಅಲ್ಲಿಗೆ ಬಂದಳು.

“ಮುದ್ದಪ್ಪ, ನಮ್ಮವ್ವ ಕೈತುತ್ತು ಹಾಕಿ ಸಾಕಿದ್ದು ನಿನ್ನ. ಅವಳ ಕೊನೇ ಚಪ್ಪರಕ್ಕೆ ಒಂದು ಗರಿ ಕೊಡಕ್ಕಾಗಲ್ವಾ ನಿಂಗೆ?”

“ಅಮ್ಮಾರಿಗೆ ಮಾತು ಕೊಟ್ಟೀನಿ ತಾಯಿ.”

“ಏನಂತ ಕೊಟ್ಟಿದ್ದೀಯ? ಹೇಳು. ಯಾಕೆ ಅಂತ ಹೇಳು.”

ಮುದ್ದಪ್ಪ ಬಾಯಿ ತೆರೆದ. ಹೇಳಿದ್ದರೆ ಹೊಡೆತ ಅಲ್ಲೇ ನಿಲ್ಲುತ್ತಿತ್ತೋ, ಹೆಚ್ಚುತ್ತಿತ್ತೋ, ಅದರ ಚಿಂತೆ ಅವನಿಗಿರಲಿಲ್ಲ. ಅವನು ನೋಡಿದ್ದು ಎದುರಿಗಿದ್ದ ಮುಖವನ್ನು. ನಿನ್ನ ಮದುವೆಗೆ ಕಡಿದ ಗರಿಯಿಂದಲೇ ಶುರುವಾದದ್ದು ಎಂದು, ತಾಯಿಯ ಹೆಣ ಅಂಗಳದಲ್ಲಿರುವಾಗ, ಆ ಮುಖಕ್ಕೆ ಹೇಳಬೇಕಾಗಿತ್ತು. ತೆರೆದ ಬಾಯನ್ನು ಮುಚ್ಚಿಕೊಂಡ.

ಮಲ್ಲಿಕಾಂಬ ಅವನ ಮುಖಕ್ಕೆ ಉಗಿದು ಹೋದಳು.

ಅವನನ್ನು ಬಿಡಿಸಿ ಆಚೆ ಎಸೆಯುವ ಹೊತ್ತಿಗೆ ಕೆರಳಿದ ಕೆಂಜಿಗ ಮರದ ತುಂಬ ಹರಡಿತ್ತು. ಹತ್ತಲು ಬಂದ ಆಳು ಎರಡು ಹೆಜ್ಜೆ ಏರಿ ಹಾರಿ ಇಳಿದ. ಹೊತ್ತು ಮೀರುತ್ತದೆ ಎಂದು ಅಯ್ಯನೋರು ಅವಸರ ಮಾಡಿದರು. ಗರಿಯನ್ನು ಬೇರೆಯವರ ತೋಟದಿಂದ ತಂದರು. ಕಾಶಮ್ಮ ಬೇರೆಯವರ ಗರಿಯ ಕೆಳಗೆ ಕೂತು ಹೋದಳು. ಮುದ್ದಪ್ಪನನ್ನು ಮಣ್ಣಿಗೆ ಬರಗೊಡಲಿಲ್ಲ. ಅವನು ಬೇಲಿಯ ಹೊರಗೆ, ಬಾತುಕೊಂಡ ಮುಖ ಹೊತ್ತು, ಮೆರವಣಿಗೆ ಕಣ್ಣಿಗೆ ಕಾಣುವ ತನಕ ನಿಂತಿದ್ದ.

ತಾಯಿಯ ಭೂಮಿ ಮಗಳಿಗೆ ಬಂತು. ಮಲ್ಲಿಕಾಂಬಳ ಗಂಡ ತಿಳಿದವನು; ಗಡ್ಡದ ಮರದಿಂದ ಬಿದ್ದ ಕಾಯಿಗಳನ್ನೇ ಮೊಳಕೆಗೆ ಇಡಿಸಿ, ಸತ್ತ ಮರಗಳ ಗುಂಡಿಗಳಲ್ಲಿ ಮತ್ತೆ ಸಸಿ ಹಾಕಿಸಿದ. ಎಂಬತ್ತೆಂಟರ ಹೊತ್ತಿಗೆ ಅವು ಆಳೆತ್ತರ ಬಂದಿದ್ದವು. ಮುದ್ದಪ್ಪ ಆಗ ಗೂರಲು ಹತ್ತಿ ಕೃಶನಾಗಿದ್ದ. ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಹೋಗುವಾಗ ಬೇಲಿಯಾಚೆ ನಿಂತು ಸಸಿಗಳನ್ನು ನೋಡುವುದು ಅವನಿಗೆ ರೂಢಿಯಾಗಿತ್ತು. ಒಂದು ದಿನ ಮಲ್ಲಿಕಾಂಬ ಒಳಗಡೆ ನಿಂತು ನೀರು ಬಿಡಿಸುತ್ತಿದ್ದಳು. ಅವನನ್ನು ಕಂಡು ಅವಳ ಹುಬ್ಬು ಗಂಟಿಕ್ಕಿತು.

“ಏನು ನೋಡ್ತೀಯ? ಕಣ್ಣು ಹಾಕಕ್ಕೆ ಬಂದ್ಯಾ?”

“ಇಲ್ಲ ತಾಯಿ. ಸುಮ್ನೆ.”

“ನಮ್ಮವ್ವನ ತೋಟ ಎಲ್ಲಾ ನಿನ್ನ ಕೈಯಲ್ಲೇ ಹೋಯ್ತು. ಆ ಒಂದು ಮರ ಯಾಕೆ ಉಳೀತು ಗೊತ್ತಾ? ನಿನ್ನ ಮಚ್ಚು ಅದಕ್ಕೆ ಬೀಳ್ಲಿಲ್ಲ, ಅದಕ್ಕೆ ಉಳೀತು. ಊರೆಲ್ಲಾ ಇದನ್ನೇ ಹೇಳೋದು.”

ಗಡ್ಡದ ಮರದ ಒಣ ಗರಿಗಳೊಳಗಿಂದ ಕೆಂಬೂತ ಕೂಗಿತು. ಮುದ್ದಪ್ಪ ಒಮ್ಮೆ ಮೇಲೆ ನೋಡಿದ.

“ದಿಟ ಕಣವ್ವ,” ಎಂದ. “ಅದಕ್ಕೇ ಉಳೀತು.”

ಒಂದು ಕುರಿ ಬೇಲಿಯ ಸಂದಿಯಲ್ಲಿ ತಲೆ ತೂರಿಸಿ ಎಳೆಯ ಸಸಿಯ ಗರಿಗೆ ಬಾಯಿ ಹಾಕಲು ಹೊರಟಿತ್ತು. ಅವನು ಕೋಲು ಚಾಚಿ ಅದನ್ನು ಹಿಂದಕ್ಕೆ ಎಳೆದುಕೊಂಡು, ಬೇಲಿಯನ್ನು ಮುಟ್ಟದೆ, ದಾರಿಯ ಆ ಬದಿಗೆ ಹೊಡೆದುಕೊಂಡು ಹೋದ.